ಗುಡ್ಡದ ಮೇಲಿನ ವಸತಿಗೃಹಗಳು: ಅನುಮತಿ ನೀಡುವವರು ಯಾರು, ಭಾರ ಹೊರುವವರು ಯಾರು?

ಮಲೆನಾಡಿನ ಯಾವ ತಾಲ್ಲೂಕು ಕೇಂದ್ರದಿಂದ ಹೊರಟು ಘಟ್ಟದ ದಾರಿ ಹಿಡಿದರೂ ಕಳೆದ ಎರಡು ದಶಕಗಳ ಬದಲಾವಣೆ ಕಣ್ಣಿಗೆ ಬೀಳದೆ ಇರದು. ತೋಟಗಳ ಕಡೆಗೆ ಕವಲೊಡೆಯುವ ಮಣ್ಣುರಸ್ತೆಗಳ ಬಾಯಲ್ಲಿ ಹೋಂಸ್ಟೇ, ಕಾಟೇಜ್, ರೆಸಾರ್ಟ್‌ಗಳ ನಾಮಫಲಕಗಳು ಸಾಲುಗಟ್ಟಿ ನಿಂತಿವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ಸೀಮೆಯಲ್ಲಿ ಮೊದಲು ಕಂಡ ಈ ದೃಶ್ಯ ಈಗ ತೀರ್ಥಹಳ್ಳಿ, ಸಾಗರ, ಜೋಯಿಡಾಗಳವರೆಗೂ ಹಬ್ಬಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾಫಿಯ ಧಾರಣೆ ನೆಲಕಚ್ಚಿದಾಗ, ಖಾಲಿ ಬಿದ್ದಿದ್ದ ಹಳೆಯ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದು ಸಾಲದ ಬಡ್ಡಿ ಕಟ್ಟಿದ ಕುಟುಂಬಗಳಿವೆ. ಪೇಟೆ ಸೇರಿದ ಮಕ್ಕಳು ಊರಿಗೆ ಮರಳಲು, ಮನೆಯ ಹೆಣ್ಣುಮಕ್ಕಳ ಕೈಗೆ ಸ್ವಂತ ದುಡಿಮೆಯ ಹಣ ಬರಲು ಈ ವೃತ್ತಿ ಹಲವೆಡೆ ಕಾರಣವಾಗಿದೆ. ಆದ್ದರಿಂದ ಪ್ರವಾಸೋದ್ಯಮವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಪ್ರಶ್ನೆ ಇರುವುದು ಆ ಫಲಕಗಳ ಹಿಂದೆ. ಒಂದು ವಸತಿಗೃಹ ತಲೆಯೆತ್ತುವ ಮೊದಲು ಯಾವ ಯಾವ ಅನುಮತಿ ಬೇಕು, ಅವುಗಳನ್ನು ಯಾರು ನೀಡುತ್ತಾರೆ, ನೀಡುವಾಗ ಏನನ್ನು ನೋಡುತ್ತಾರೆ ಎಂಬುದು ಅದರ ಪಕ್ಕದಲ್ಲೇ ವಾಸಿಸುವ ಗ್ರಾಮಸ್ಥರಿಗೆ ತಿಳಿದಿರುವುದು ಅಪರೂಪ. ಪರವಾನಗಿ ಎಂದರೆ ಮಾಲೀಕನಿಗೂ ಕಚೇರಿಗೂ ನಡುವಿನ ವ್ಯವಹಾರ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಪ್ರತಿಯೊಂದು ಪರವಾನಗಿಯೂ ಊರಿನ ಪರವಾಗಿ ಸರ್ಕಾರ ಕೇಳಬೇಕಾದ ಒಂದು ಪ್ರಶ್ನೆ: ಈ ನೆಲ ಇದಕ್ಕೆ ತಕ್ಕದ್ದೇ? ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ರಾತ್ರಿಯ ಸದ್ದು ಯಾರ ನಿದ್ದೆ ಕೆಡಿಸುತ್ತದೆ? ಈ ಪ್ರಶ್ನೆಗಳನ್ನು ಸರಿಯಾಗಿ ಕೇಳದೆ ಹೋದಲ್ಲಿ ಉತ್ತರ ಕೊಡಬೇಕಾದ ಸರದಿ ಬೆಟ್ಟದ್ದಾಗುತ್ತದೆ.

ಒಂದು ಕಟ್ಟಡ, ಹಲವು ಕಚೇರಿ

ಮೊದಲ ಅನುಮತಿ ಭೂಮಿಗೆ ಸಂಬಂಧಿಸಿದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಕಲಮಿನ ಪ್ರಕಾರ ಕೃಷಿ ಜಮೀನನ್ನು ಅನ್ಯ ಉದ್ದೇಶಕ್ಕೆ ಬಳಸಬೇಕಾದರೆ ಭೂಪರಿವರ್ತನೆ ಆಗಬೇಕು. ರೈತನು ಬೇಸಾಯದ ಸಲುವಾಗಿ ತನ್ನ ಜಮೀನಿನಲ್ಲಿ ಮನೆ, ಕೊಟ್ಟಿಗೆ ಕಟ್ಟಿಕೊಳ್ಳಲು ಇದರ ಅಗತ್ಯವಿಲ್ಲ. ಅದೇ ಜಾಗದಲ್ಲಿ ಬಾಡಿಗೆ ಕಾಟೇಜ್‌ಗಳ ಸಾಲು ಎದ್ದರೆ ಅಗತ್ಯವಿದೆ. ಕಾಫಿ, ಚಹಾ, ಏಲಕ್ಕಿ, ಕಾಳುಮೆಣಸು, ರಬ್ಬರ್ ತೋಟಗಳಿಗೆ ಭೂಸುಧಾರಣಾ ಅಧಿನಿಯಮ, 1961ರ 104ನೆಯ ಕಲಮು ಭೂಮಿತಿಯಿಂದ ವಿನಾಯಿತಿ ನೀಡಿದೆ. ಆ ವಿನಾಯಿತಿ ದೊರೆತದ್ದು ಅದು ತೋಟ ಎಂಬ ಕಾರಣಕ್ಕೆ. ತೋಟದ ನಡುವೆ ವಾಣಿಜ್ಯ ವಸತಿ ಸಮುಚ್ಚಯ ಬಂದಾಗ ವಿನಾಯಿತಿಯ ಮೂಲ ಆಧಾರವೇ ಸಡಿಲಗೊಳ್ಳುತ್ತದೆ ಎಂಬುದನ್ನು ಮರೆಯಲಾಗುತ್ತಿದೆ. ಸೊಪ್ಪಿನಬೆಟ್ಟ, ಕುಮ್ಕಿಗಳ ವಿಷಯ ಇನ್ನೂ ಸ್ಪಷ್ಟ: ಅಲ್ಲಿ ಸಾಗುವಳಿದಾರನಿಗಿರುವುದು ಸೊಪ್ಪು, ಸೌದೆ, ಮೇವಿನಂಥ ಸವಲತ್ತು ಮಾತ್ರ. ಅತಿಥಿಗಳಿಗಾಗಿ ಕಟ್ಟಡ ಎಬ್ಬಿಸುವ ಹಕ್ಕು ಆ ಸವಲತ್ತಿನಲ್ಲಿ ಅಡಗಿಲ್ಲ.

ಎರಡನೆಯದು ಗ್ರಾಮ ಪಂಚಾಯಿತಿಯದು. ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಕಲಮಿನಂತೆ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಮೂರನೆಯದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಜಲಮಾಲಿನ್ಯ ಕಾಯಿದೆ, 1974 ಹಾಗೂ ವಾಯುಮಾಲಿನ್ಯ ಕಾಯಿದೆ, 1981ರ ಅಡಿಯಲ್ಲಿ ಹೋಟೆಲು, ರೆಸಾರ್ಟುಗಳನ್ನು ಕೋಣೆಗಳ ಸಂಖ್ಯೆ ಹಾಗೂ ಹೊರಬೀಳುವ ಕೊಳಚೆ ನೀರಿನ ಪ್ರಮಾಣದ ಮೇಲೆ ವರ್ಗೀಕರಿಸಿ, ಕಟ್ಟುವ ಮೊದಲು ಸ್ಥಾಪನೆಯ ಸಮ್ಮತಿ, ನಡೆಸುವ ಮೊದಲು ಕಾರ್ಯಾಚರಣೆಯ ಸಮ್ಮತಿ ಎಂದು ಎರಡು ಹಂತಗಳನ್ನು ಇಡಲಾಗಿದೆ. ಎರಡು ಹಂತ ಏಕೆಂದರೆ, ಕಟ್ಟಡ ಮುಗಿದ ಮೇಲೆ ಕೊಳಚೆಗೆ ಜಾಗ ಹುಡುಕುವ ಪ್ರಸಂಗ ಬರಬಾರದೆಂದು. ಮಲೆನಾಡಿನಲ್ಲಿ ಹಲವೆಡೆ ನಡೆಯುವುದು ಇದರ ತಿರುವು ಮುರುವು. ಮೊದಲು ಕಟ್ಟಡ, ಆಮೇಲೆ ಅತಿಥಿ, ದೂರು ಬಂದರೆ ಅರ್ಜಿ.

ಇಷ್ಟಕ್ಕೆ ಮುಗಿಯುವುದಿಲ್ಲ. ಊಟ ಬಡಿಸುವವರಿಗೆ ಆಹಾರ ಸುರಕ್ಷತಾ ಕಾಯಿದೆ, 2006ರ ಮೇರೆಗೆ ವಹಿವಾಟಿನ ಗಾತ್ರಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಬೇಕು. ವಾಣಿಜ್ಯ ಅಡುಗೆಮನೆಯಲ್ಲಿ ಮನೆಬಳಕೆಯ 14.2 ಕಿಲೋ ಅನಿಲ ಸಿಲಿಂಡರ್ ಬಳಸುವಂತಿಲ್ಲ. ಮದ್ಯ ಒದಗಿಸುವುದಾದರೆ ಅಬಕಾರಿ ಇಲಾಖೆಯ ಸನ್ನದು ಬೇಕು. ವಸತಿಗೃಹಗಳಿಗೆ ಮೀಸಲಾದ ಸಿಎಲ್-7 ಸನ್ನದು ಹೋಟೆಲು, ಲಾಡ್ಜುಗಳಿಗೆ ಹೊರತು ನಾಲ್ಕು ಕೋಣೆಯ ಹೋಂಸ್ಟೇಗೆ ಹೇಳಿದ್ದಲ್ಲ. ವಿದೇಶಿ ಅತಿಥಿ ತಂಗಿದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕು. ಹಳೆಯ ಕಾಯಿದೆಗಳ ಬದಲಿಗೆ ವಲಸೆ ಮತ್ತು ವಿದೇಶಿಯರ ಕಾಯಿದೆ, 2025 ಬಂದ ಮೇಲೂ ಈ ಹೊಣೆ ಉಳಿದಿದೆ. ಶಬ್ದಮಾಲಿನ್ಯ ನಿಯಮಗಳು, 2000ರಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿರುವಲ್ಲಿ, ಅರಣ್ಯದ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಹೊಸ ವಾಣಿಜ್ಯ ಹೋಟೆಲು, ರೆಸಾರ್ಟುಗಳಿಗೆ ಅವಕಾಶವಿಲ್ಲವೆಂದು ಬಹುತೇಕ ಅಧಿಸೂಚನೆಗಳು ವಿಧಿಸಿವೆ.

ಕಾನೂನುಗಳ ಕೊರತೆ ಮಲೆನಾಡಿಗಿಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕೊರತೆ ಇರುವುದು ಬೇರೆಡೆ. ಕಂದಾಯ ಇಲಾಖೆ ಪಹಣಿಯನ್ನು ನೋಡುತ್ತದೆ, ಮಂಡಳಿ ಕೊಳಚೆಯನ್ನು ನೋಡುತ್ತದೆ, ಅಬಕಾರಿ ಇಲಾಖೆ ಬಾಟಲಿಯನ್ನು ನೋಡುತ್ತದೆ, ಪೊಲೀಸರು ಅತಿಥಿಗಳ ದಾಖಲೆಪುಸ್ತಕವನ್ನು ನೋಡುತ್ತಾರೆ. ಇಡೀ ಗುಡ್ಡವನ್ನು, ಅದರ ಒರತೆ, ಇಳಿಜಾರು, ಕಾಡು, ಕೆಳಗಿನ ಕೇರಿ ಇವೆಲ್ಲವನ್ನೂ ಒಟ್ಟಿಗೆ ನೋಡುವ ಕಚೇರಿ ಯಾವುದೂ ಇಲ್ಲ.

ಮನೆ ಎಂಬ ಹೆಸರಿನ ಮರೆ

ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆಗಳಿಗೆ ಅವಕಾಶ. ಮಾಲೀಕ ಅಥವಾ ಅವನ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ರಾಜ್ಯದ ಹೋಂಸ್ಟೇ ಕಲ್ಪನೆಯೂ ಇದೇ ಜಾಡಿನದು. ಇದರ ಹಿಂದಿನ ತರ್ಕ ಸರಳ. ಮನೆಯವರು ಕುಡಿಯುವ ನೀರನ್ನೇ ಅತಿಥಿ ಕುಡಿಯುತ್ತಾನೆ, ಮನೆಯವರು ಉಣ್ಣುವುದನ್ನೇ ಅವನೂ ಉಣ್ಣುತ್ತಾನೆ, ಮನೆಯ ಹಿರಿಯರು ಮಲಗುವ ಹೊತ್ತಿಗೆ ಅಂಗಳದ ದೀಪವೂ ಆರುತ್ತದೆ. ಅತಿಥಿ ಗದ್ದಲವೆಬ್ಬಿಸಿದರೆ ಮೊದಲು ತೊಂದರೆಗೊಳಗಾಗುವವರು ಮನೆಯವರೇ. ಶೌಚಗುಂಡಿ ಸೋರಿದರೆ ಮೊದಲು ಕೆಡುವುದು ಅವರದೇ ಬಾವಿ. ಹೀಗಾಗಿ ಕುಟುಂಬದ ವಾಸವೇ ಒಂದು ನಿಯಂತ್ರಣ. ಬಂದವರಿಗೆ ಬೆಲ್ಲ, ನೀರು ಕೊಟ್ಟು ಕೂರಿಸುವ ಮಲೆನಾಡಿನ ಪದ್ಧತಿಗೆ ಈ ಕಲ್ಪನೆ ಸಹಜವಾಗಿ ಹೊಂದುತ್ತದೆ. ಅದಕ್ಕಾಗಿಯೇ ಹೋಂಸ್ಟೇಗೆ ನಿಯಮಗಳಲ್ಲಿ ರಿಯಾಯಿತಿ ಇರುವುದು ಸರಿಯಾದದ್ದು.

ತೊಡಕು ಹುಟ್ಟಿರುವುದು ಈ ರಿಯಾಯಿತಿಯ ದುರುಪಯೋಗದಿಂದ. ದೂರದ ನಗರದಲ್ಲಿ ನೆಲೆಸಿದ ಹೂಡಿಕೆದಾರ ತೋಟವೊಂದನ್ನು ಕೊಂಡು ಅಥವಾ ಗುತ್ತಿಗೆಗೆ ಹಿಡಿದು, ಹದಿನೈದು ಇಪ್ಪತ್ತು ಕೋಣೆ ಕಟ್ಟಿ, ಮೇಲ್ವಿಚಾರಕನೊಬ್ಬನನ್ನು ಇರಿಸಿ ಹೋಂಸ್ಟೇ ಎಂಬ ಫಲಕ ತಗುಲಿಸಿದರೆ ಅದು ಮನೆಯಾಗುವುದಿಲ್ಲ. ಒಂದೇ ಆವರಣವನ್ನು ಕುಟುಂಬದ ಮೂರು ಹೆಸರುಗಳಲ್ಲಿ ಮೂರು ಹೋಂಸ್ಟೇಗಳೆಂದು ತೋರಿಸುವ ಜಾಣತನವೂ ಉಂಟು. 2020ರ ಭೂಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದ ನಂತರ ಈ ಒತ್ತಡ ಇನ್ನಷ್ಟು ಬಲಗೊಂಡಿದೆ. ಇದರ ಪೆಟ್ಟು ಬೀಳುವುದು ಪ್ರಾಮಾಣಿಕರ ಮೇಲೆ. ಅಪಘಾತವೋ ಅಪರಾಧವೋ ನಡೆದಾಗ ಅಧಿಕಾರಿಗಳು ತಪಾಸಣೆಗೆ ಇಳಿಯುತ್ತಾರೆ. ಎರಡು ಕೋಣೆ ಬಾಡಿಗೆ ಕೊಟ್ಟ ವಿಧವೆಯ ಮನೆಗೂ, ನಲವತ್ತು ಕೋಣೆಯ ರೆಸಾರ್ಟಿಗೂ ಒಂದೇ ಬಗೆಯ ನೋಟಿಸು ಹೋಗುತ್ತದೆ. ದೊಡ್ಡವನಿಗೆ ವಕೀಲನಿದ್ದಾನೆ, ಓಡಾಡುವ ಮಧ್ಯವರ್ತಿಯಿದ್ದಾನೆ. ಚಿಕ್ಕವರು ಒಂದು ಸಹಿಗಾಗಿ ದಿನದ ಕೂಲಿ ಬಿಟ್ಟು ಮೂರು ಬಾರಿ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ. ಕೊನೆಗೆ ಬೇಸತ್ತು ಬಾಗಿಲು ಮುಚ್ಚುವವರು ಅವರೇ.

ನೀರಿನ ಲೆಕ್ಕ

ಅಂಕಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಭಾರದ ಸ್ವರೂಪ ಸ್ಪಷ್ಟವಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಮಾನ್ಯ ಹೋಟೆಲಿಗೆ ತಲೆಯೊಂದಕ್ಕೆ ದಿನಕ್ಕೆ 180 ಲೀಟರ್ ನೀರು ಬೇಕೆಂದು ಲೆಕ್ಕ ಹಾಕುತ್ತದೆ. ಪಂಚತಾರಾ ದರ್ಜೆಗೆ 320 ಲೀಟರ್. ಜಲಜೀವನ ಯೋಜನೆ ಗ್ರಾಮವಾಸಿಗೆ ನಿಗದಿಪಡಿಸಿದ್ದು ದಿನಕ್ಕೆ 55 ಲೀಟರ್. ಇಪ್ಪತ್ತು ಕೋಣೆಗಳ ಸಾಧಾರಣ ವಸತಿಗೃಹದಲ್ಲಿ ನಲವತ್ತು ಅತಿಥಿಗಳು ತಂಗಿದರೆ ದಿನಕ್ಕೆ 7,200 ಲೀಟರ್ ಬೇಕು. ಇದು ಸುಮಾರು 130 ಗ್ರಾಮಸ್ಥರ ಪಾಲಿನ ನೀರು. ಈಜುಕೊಳ, ಹುಲ್ಲುಹಾಸು, ಬಟ್ಟೆ ಒಗೆಯುವ ಯಂತ್ರಗಳ ಲೆಕ್ಕ ಇದರಾಚೆಗಿನದು.

ಮಲೆನಾಡಿನ ಅಬ್ಬಿ ನೀರಿನ ಭಾಷೆಯಲ್ಲಿ ಹೇಳುವುದಾದರೆ 7,200 ಲೀಟರ್ ಎಂದರೆ ನಿಮಿಷಕ್ಕೆ 5 ಲೀಟರ್ ಹರಿಯುವ ಒರತೆಯೊಂದರ ಇಡೀ ಹಗಲು, ಇಡೀ ರಾತ್ರಿಯ ಹರಿವು. ಮಳೆಗಾಲದಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಪ್ರವಾಸಿಗಳ ನೂಕುನುಗ್ಗಲು ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳಲ್ಲೂ ಇರುತ್ತದೆ. ಒರತೆಗಳು ಬಡವಾಗುವುದೂ ಅದೇ ತಿಂಗಳುಗಳಲ್ಲಿ. ಮೇಲಿನವನು ಒರತೆಯ ಬಾಯಿಗೆ ಪೈಪು ಹಾಕಿದರೆ ಕೆಳಗಿನ ಕೇರಿಯ ತೊಟ್ಟಿ ಒಣಗುತ್ತದೆ. ಕೊಳವೆಬಾವಿ ಕೊರೆದರೆ ಪರಿಣಾಮ ಕಾಣಲು ಒಂದೆರಡು ವರ್ಷ ಹೆಚ್ಚು ಹಿಡಿಯಬಹುದು, ಅಷ್ಟೆ.

ಬಂದ ನೀರಿನ ಎಂಬತ್ತು ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಅದು ದಿನಕ್ಕೆ 5,760 ಲೀಟರ್. ಒಂದು ಕುಟುಂಬಕ್ಕೆಂದು ತೋಡಿದ ಶೌಚಗುಂಡಿ ಇದನ್ನು ತಾಳಲಾರದು. ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆನ್ನುತ್ತದೆ. ಬಯಲುಸೀಮೆಯ ಸಮತಟ್ಟಾದ ನೆಲಕ್ಕೆ ಈ ಅಂತರ ಸಾಕಾಗಬಹುದು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಧ್ರಗಳೂ ಬಿರುಕುಗಳೂ ಹೆಚ್ಚು. ಜೂನ್ ನಂತರ ಅಂತರ್ಜಲ ನೆಲದ ಮಟ್ಟಕ್ಕೆ ಏರಿ ಬರುತ್ತದೆ. ಆಗ ಇಂಗುಗುಂಡಿಯ ನೀರು ಇಂಗದೆ ಇಳಿಜಾರಿನ ಗುಂಟ ಪಕ್ಕಕ್ಕೆ ಹರಿದು ಕೆಳಗಿನ ಬಾವಿ, ಹಳ್ಳಗಳನ್ನು ಸೇರುತ್ತದೆ. ನೋಡಲು ತಿಳಿಯಾಗಿರುವ ನೀರಿನಲ್ಲೂ ಮಲಮೂಲದ ರೋಗಾಣುಗಳಿರಬಹುದು. ಮಂಡಳಿಯ ಸಮ್ಮತಿಪತ್ರದ ಷರತ್ತುಗಳು ಊರಿನ ಆರೋಗ್ಯಕ್ಕೆ ಸಂಬಂಧಿಸಿದವು ಎನ್ನುವುದು ಇದಕ್ಕಾಗಿ.

ಕತ್ತರಿಸಿದ ಇಳಿಜಾರು

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಸುತ್ತಮುತ್ತ ಗುಡ್ಡಗಳು ಜಾರಿ ಜೀವಹಾನಿಯಾಯಿತು, ತೋಟ, ಮನೆ, ರಸ್ತೆಗಳು ಕೊಚ್ಚಿಹೋದವು. ಅಸಾಧಾರಣ ಮಳೆ ಮುಖ್ಯ ಕಾರಣವಾಗಿತ್ತು. ಅದರ ಜೊತೆಗೆ ರಸ್ತೆ ಹಾಗೂ ಕಟ್ಟಡಗಳಿಗಾಗಿ ಇಳಿಜಾರನ್ನು ಮನಬಂದಂತೆ ಕತ್ತರಿಸಿದ್ದನ್ನೂ ಭೂವಿಜ್ಞಾನಿಗಳು ಎತ್ತಿ ತೋರಿಸಿದರು. 2024ರ ಜುಲೈ 30ರ ಮುಂಜಾನೆ ವಯನಾಡಿನ ಮುಂಡಕೈ, ಚೂರಲ್‌ಮಲ ನಾಶವಾದಾಗ ಇದೇ ಚರ್ಚೆ ಮರಳಿ ಬಂತು. ಎಲ್ಲ ಕುಸಿತಗಳಿಗೂ ವಸತಿಗೃಹಗಳೇ ಕಾರಣವೆನ್ನುವುದು ವಿಜ್ಞಾನಕ್ಕೆ ದೂರವಾದ ಮಾತು. ಕಾಡಿನ ಒಳಗೇ ಜಾರಿದ ಗುಡ್ಡಗಳೂ ಇವೆ. ಆದರೆ ಕೆಲವು ಕ್ರಿಯೆಗಳು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ.

ದಪ್ಪನೆಯ ಮಣ್ಣಿನ ಹೊದಿಕೆಯಿರುವ ಇಳಿಜಾರು ತನ್ನ ಬುಡದ ಆಸರೆಯ ಮೇಲೆ ನಿಂತಿರುತ್ತದೆ. ಜೆಸಿಬಿ ತಂದು ಬುಡವನ್ನು ಕತ್ತರಿಸಿ ಸಮತಟ್ಟು ಮಾಡಿದಾಗ ಆ ಆಸರೆ ಹೋಗುತ್ತದೆ. ತೆಗೆದ ಸಡಿಲ ಮಣ್ಣನ್ನು ಅಂಚಿಗೆ ಸುರಿದಾಗ ಕೆಳಗಿನ ಭಾಗದ ಮೇಲೆ ಹೊಸ ಹೊರೆ ಬೀಳುತ್ತದೆ. ಛಾವಣಿ, ಕಾಂಕ್ರೀಟು ಅಂಗಳಗಳ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 1,000 ಚದರ ಮೀಟರ್ ಛಾವಣಿ ಮತ್ತು ಅಂಗಳದಿಂದ 1 ಲಕ್ಷ ಲೀಟರ್ ನೀರು ಹರಿದು ಬರುತ್ತದೆ. ಮಲೆನಾಡಿನಲ್ಲಿ ಅಂತಹ ದಿನಗಳು ಪ್ರತಿವರ್ಷ ಬರುತ್ತವೆ. ಆ ನೀರನ್ನು ಕಲ್ಲುಕಟ್ಟಿದ ಕಾಲುವೆಯಲ್ಲಿ ಸಹಜ ಹಳ್ಳಕ್ಕೆ ತಲುಪಿಸದೆ ಸಡಿಲ ಮಣ್ಣಿನ ಅಂಚಿಗೆ ಬಿಟ್ಟರೆ, ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳ ಪರಸ್ಪರ ಹಿಡಿತ ತಪ್ಪುತ್ತದೆ. ಮೋಡದ ಸಾಲು ಕಾಣಲೆಂದು ಗುಡ್ಡದ ತುದಿಯಲ್ಲೇ ಕಟ್ಟುವ ಈಜುಕೊಳ ಈ ಭಾರವನ್ನು ವರ್ಷವಿಡೀ ಹೊರಿಸುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್.

ಭೂಪರಿವರ್ತನೆಯ ಕಡತ ಇಳಿಜಾರನ್ನು ನೋಡುತ್ತದೆಯೇ? ಪಹಣಿಯಲ್ಲಿ ಸರ್ವೆ ನಂಬರ್ ಇದೆ, ವಿಸ್ತೀರ್ಣವಿದೆ, ಬೆಳೆಯ ಹೆಸರಿದೆ. ಇಳಿಜಾರಿನ ಕೋನವಿಲ್ಲ. ಬಯಲುಸೀಮೆಯ ಒಂದು ಎಕರೆಗೂ ಘಟ್ಟದ ನೆತ್ತಿಯ ಒಂದು ಎಕರೆಗೂ ಕಡತದಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಕಡತ ಮಲೆನಾಡಿಗೆ ಸಾಲದು.

ಮೊತ್ತ ಕೂಡಿಸುವವರಿಲ್ಲ

ಒಂದೊಂದು ವಸತಿಗೃಹವನ್ನು ಬಿಡಿಯಾಗಿ ಪರಿಶೀಲಿಸಿದರೆ ಎಲ್ಲವೂ ಚಿಕ್ಕದಾಗಿಯೇ ಕಾಣುತ್ತವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರ್‌ಗಳಿಂದ ಮೇಲೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ನಿಷೇಧಿಸಲು ಹೊರಟದ್ದೂ ಇದೇ ಗಾತ್ರದ ಹಾಗೂ ಅದಕ್ಕೆ ಮೀರಿದ ಕಟ್ಟಡಗಳನ್ನು. ಕೋಣೆಗೆ 50 ಚದರ ಮೀಟರ್ ಎಂದು ಹಿಡಿದರೂ ನಲವತ್ತು ಕೋಣೆಯ ರೆಸಾರ್ಟು 2,000 ಚದರ ಮೀಟರ್ ಮುಟ್ಟುತ್ತದೆ. ಮಿತಿಯ ಹತ್ತನೆಯ ಒಂದು ಭಾಗ. ಹಾಗಾದರೆ ಒಂದೇ ಕಣಿವೆಯಲ್ಲಿ ಅಂತಹ ಹತ್ತು ರೆಸಾರ್ಟುಗಳು ಬಂದರೆ ಅವುಗಳ ಒಟ್ಟು ಪರಿಣಾಮವನ್ನು ಯಾರು ಅಳೆಯಬೇಕು? ಯಾವ ಕಾನೂನೂ ಯಾರ ಮೇಲೂ ಆ ಹೊಣೆ ಹೊರಿಸಿಲ್ಲ.

2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಈ ಕರಡು ಅಧಿಸೂಚನೆ ಆರು ಬಾರಿ ಹೊರಬಿದ್ದಿದೆ. ರಾಜ್ಯದ 20,668 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಯಲ್ಲಿದೆ. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ವರದಿ ಬಂದರೆ ಮನೆಯ ಹೆಂಚು ಬದಲಿಸಲೂ ದೆಹಲಿಯ ಅಪ್ಪಣೆ ಬೇಕಾಗುತ್ತದೆ ಎಂಬ ಭೀತಿಯನ್ನು ಹಳ್ಳಿಗಳಲ್ಲಿ ಹರಡಲಾಯಿತು. ಕರಡಿನಲ್ಲಿ ಸಾಮಾನ್ಯ ಮನೆಗೆ ತಡೆಯಿರಲಿಲ್ಲ, ಮಧ್ಯಮ ಗಾತ್ರದ ರೆಸಾರ್ಟಿಗೂ ತಡೆಯಿರಲಿಲ್ಲ. ವರದಿಯ ಪರ, ವಿರೋಧಗಳ ಗದ್ದಲದಲ್ಲಿ ಈ ಎರಡನೆಯ ಸಂಗತಿ ಯಾರ ಗಮನಕ್ಕೂ ಬರಲಿಲ್ಲ.

ಧಾರಣ ಸಾಮರ್ಥ್ಯವೆಂಬುದು ಪುಸ್ತಕದ ಪದವೆಂದು ತಳ್ಳಿಹಾಕುವ ಕಾಲ ಮುಗಿದಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಚಾರಣಿಗರ ಜಾತ್ರೆ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ನಿಲ್ಲಿಸಿ ಮುಂಗಡ ನೋಂದಣಿ, ದಿನದ ಮಿತಿಗಳತ್ತ ಹೊರಳಬೇಕಾಯಿತು. ನೆರೆಯ ನೀಲಗಿರಿ ಹಾಗೂ ಕೊಡೈಕೆನಾಲ್‌ಗೆ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ನೀಲಗಿರಿಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ಕೋಣೆಗಳ ಸಂಖ್ಯೆಗೆ ಮೊದಲೇ ಮಿತಿ ಹಾಕದ ಊರು ಕೊನೆಗೆ ರಸ್ತೆಗೆ ಅಡ್ಡಗಂಬ ಹಾಕಬೇಕಾಗುತ್ತದೆ.

ತಡವಾಗಿ ಬರುವ ನ್ಯಾಯ

ಅನುಮತಿಯ ಹಂತದಲ್ಲಿ ಕೇಳದ ಪ್ರಶ್ನೆಗಳನ್ನು ನ್ಯಾಯಾಲಯ ಹತ್ತು ವರ್ಷಗಳ ನಂತರ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಬಂಡೀಪುರದ ಆಚೆ ಬದಿಯ ಸೀಗೂರು ಪ್ರಸ್ಥಭೂಮಿ ನಿದರ್ಶನ. ಅಲ್ಲಿ ಆನೆಗಳ ಸಂಚಾರದ ದಾರಿಯಲ್ಲಿ ರೆಸಾರ್ಟುಗಳು ಎದ್ದಿದ್ದವು. 2010ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಆನೆ ಕಾರಿಡಾರ್ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅನೇಕ ರೆಸಾರ್ಟುಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಅದೇ ನ್ಯಾಯಾಲಯ ಅಧಿಸೂಚನೆ ಸಿಂಧುವೆಂದು ತೀರ್ಪಿತ್ತಿತು. ಬಯಲುನಾಡಿನಲ್ಲೂ ಇಂತಹದೇ ಕಥೆ ನಡೆದಿದೆ. ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡೆಯಲ್ಲಿ ಹಂಪಿ ಪ್ರಾಧಿಕಾರದ ಅನುಮತಿಯಿಲ್ಲದೆ ಎದ್ದ ವಸತಿಗೃಹಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮರುತಿಂಗಳೇ ಅವು ನೆಲಸಮವಾದವು.

ಇಂತಹ ತೀರ್ಪುಗಳು ಪರಿಸರದ ಪರವಾಗಿವೆ ಎಂದು ಸಂತೋಷಪಡುವುದರ ಜೊತೆಗೆ ಇನ್ನೊಂದು ಮುಖವನ್ನೂ ನೋಡಬೇಕು. ಬೀಗ ಬಿದ್ದ ದಿನ ಕೆಲಸ ಕಳೆದುಕೊಂಡವರು ಅಡುಗೆಯವರು, ಕೋಣೆ ಗುಡಿಸುವ ಹೆಂಗಸರು, ಜೀಪು ಓಡಿಸುವ ಹುಡುಗರು. ಅವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಯವರೇ. ಬುನಾದಿ ತೋಡುವ ದಿನವೇ ಅನುಮತಿ ನಿರಾಕರಿಸಿದ್ದರೆ ಆನೆಯ ದಾರಿಯೂ ಉಳಿಯುತ್ತಿತ್ತು, ಇವರ ಬದುಕೂ ಅಲುಗಾಡುತ್ತಿರಲಿಲ್ಲ. ನಿರ್ಲಕ್ಷ್ಯಕ್ಕೆ ಪ್ರಾಣದ ಬೆಲೆ ತೆತ್ತ ಉದಾಹರಣೆಯೂ ಹತ್ತಿರದಲ್ಲೇ ಇದೆ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಕಾಡಿನಂಚಿನ ಗುಡಾರದಲ್ಲಿ ತಂಗಿದ್ದ ಮಹಿಳೆಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದರು. ಗುಡಾರಕ್ಕೆ ಗೋಡೆಯಿಲ್ಲ, ಆದ್ದರಿಂದ ಕಟ್ಟಡದ ಅನುಮತಿ ಬೇಡ ಎಂಬ ವಾದದಿಂದ ಆನೆಗೇನೂ ಆಗಬೇಕಾದ್ದಿಲ್ಲ.

ಗ್ರಾಮಸಭೆಯ ಕೆಲಸ

ಇಡೀ ಗುಡ್ಡವನ್ನು ಒಟ್ಟಿಗೆ ನೋಡುವ ಕಚೇರಿ ಇಲ್ಲವೆಂದ ಮೇಲೆ ಆ ಕೆಲಸಕ್ಕೆ ತಕ್ಕ ಸಭೆಯೊಂದು ಪ್ರತಿ ಊರಿನಲ್ಲೂ ಇದೆ ಎಂಬುದನ್ನು ನೆನೆಯಬೇಕು. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕೆಂದು ಕಾನೂನಿದೆ. ಫಲಾನುಭವಿಗಳ ಪಟ್ಟಿ ಓದಿ ಮುಗಿಸುವ ಸಭೆಯಲ್ಲಿ ಪಂಚಾಯಿತಿ ವ್ಯಾಪ್ತಿಯ ವಸತಿಗೃಹಗಳ ಪಟ್ಟಿಯನ್ನೂ ಓದುವಂತೆ ಗ್ರಾಮಸ್ಥರು ಒತ್ತಾಯಿಸಬಹುದು. ಎಷ್ಟು ಕೋಣೆ, ಯಾವ ನೀರಿನ ಮೂಲ, ಯಾವ ಅನುಮತಿ, ಅದರ ಅವಧಿ ಎಂದಿನವರೆಗೆ ಎಂಬ ನಾಲ್ಕು ಅಂಶಗಳು ಸಾಕು. ಪ್ರತಿ ವಸತಿಗೃಹವೂ ಬೆಲೆಪಟ್ಟಿ ತೂಗುಹಾಕುವಂತೆ ತನ್ನ ಅನುಮತಿಗಳ ಪಟ್ಟಿಯನ್ನೂ ಬಾಗಿಲಲ್ಲೇ ಕನ್ನಡದಲ್ಲಿ ಪ್ರದರ್ಶಿಸಬೇಕೆಂದು ಪಂಚಾಯಿತಿ ನಿರ್ಣಯಿಸಬೇಕು.

ಮಾಹಿತಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಕಾಯಿದೆ, 2005 ಇದೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಭೂಪರಿವರ್ತನೆಗೆ ಒಂದು, ಮಂಡಳಿಯ ಸಮ್ಮತಿಗೆ ಇನ್ನೊಂದು ಎಂದು ಬೇರೆ ಬೇರೆ ಅರ್ಜಿ ಹಾಕುವುದು ಕ್ಷೇಮ. ಜಲಮಾಲಿನ್ಯ ಕಾಯಿದೆಯ 25ನೆಯ ಕಲಮಿನಂತೆ ಮಂಡಳಿಯು ತಾನು ವಿಧಿಸಿದ ಷರತ್ತುಗಳ ದಾಖಲೆಪುಸ್ತಕ ಇಡಬೇಕು. ಕೊಳಚೆಯಿಂದ ಬಾಧಿತನಾದ ಯಾರೇ ಆಗಲಿ ಅದನ್ನು ಪರಿಶೀಲಿಸಬಹುದು. ಈ ಅವಕಾಶವನ್ನು ಬಳಸಿಕೊಂಡವರು ವಿರಳ.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಲ್ಲಿ ನಿಜವಾದ ಕೆಲಸವಿದೆ. ಹತ್ತು ಲೀಟರಿನ ಒಂದು ಬಕೆಟ್, ಕೈಗಡಿಯಾರ, ಒಂದು ಪುಸ್ತಕ ಇದ್ದರೆ ಊರಿನ ಒರತೆಗಳ ಹರಿವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಬಹುದು. ಬಕೆಟ್ ಎರಡು ನಿಮಿಷಕ್ಕೆ ತುಂಬಿದರೆ ಮೇಲೆ ಹೇಳಿದ ವಸತಿಗೃಹದ ನೀರು ಅಷ್ಟೇ ಎಂದು ಲೆಕ್ಕ. ಮೂರು ವರ್ಷಗಳ ಇಂತಹ ದಾಖಲೆ ಯಾವ ತಜ್ಞರ ವರದಿಗೂ ಕಡಿಮೆಯಾದುದಲ್ಲ. ಜೀವವೈವಿಧ್ಯ ಕಾಯಿದೆ, 2002ರಡಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಈ ದಾಖಲೆಗಳನ್ನು ತನ್ನ ಜೀವವೈವಿಧ್ಯ ದಾಖಲಾತಿಗೆ ಸೇರಿಸಿಕೊಳ್ಳಬೇಕು.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಎರಡು. ಮೊದಲನೆಯದು, ಕುಟುಂಬ ವಾಸವಿರುವ ಚಿಕ್ಕ ಹೋಂಸ್ಟೇಗೆ ಪಂಚಾಯಿತಿ ಕಚೇರಿಯಲ್ಲೇ, ಒಂದೇ ಅರ್ಜಿಯಲ್ಲಿ, ನಿಗದಿತ ದಿನಗಳೊಳಗೆ ಎಲ್ಲ ಅನುಮತಿಯೂ ದೊರೆಯುವಂತಾಗಬೇಕು. ಎರಡನೆಯದು, ಕುಟುಂಬ ವಾಸವಿಲ್ಲದ, ಆರಕ್ಕಿಂತ ಹೆಚ್ಚು ಕೋಣೆಗಳ ಯಾವ ವಸತಿಗೃಹಕ್ಕೂ ಇಳಿಜಾರಿನ ಪರೀಕ್ಷೆ, ಬೇಸಿಗೆಯ ನೀರಿನ ಲೆಕ್ಕ, ಆ ಕಣಿವೆಯಲ್ಲಿ ಈಗಾಗಲೇ ಇರುವ ಕೋಣೆಗಳ ಮೊತ್ತ ಈ ಮೂರನ್ನು ಗ್ರಾಮಸಭೆಯ ಮುಂದೆ ಇಡದೆ ಭೂಪರಿವರ್ತನೆ ಆಗಕೂಡದು. ಚಿಕ್ಕವರಿಗೆ ಸಲೀಸು, ದೊಡ್ಡವರಿಗೆ ಬಿಗಿ ಎಂಬ ಈ ನೀತಿಯಿಂದ ಪ್ರವಾಸೋದ್ಯಮಕ್ಕೆ ನಷ್ಟವಿಲ್ಲ. ಅತಿಥಿ ಘಟ್ಟ ಹತ್ತಿ ಬರುವುದು ತಂಪಾದ ಕಾಡು, ತಿಳಿಯಾದ ಹಳ್ಳ, ನಿಶ್ಶಬ್ದವಾದ ರಾತ್ರಿಗಳಿಗಾಗಿ. ಅವು ಹಾಳಾದ ಊರಿಗೆ ಅವನು ಎರಡನೆಯ ಬಾರಿ ಬರುವುದಿಲ್ಲ. ಊರಿನವರಿಗಾದರೋ ಬಿಟ್ಟು ಹೋಗಲು ಬೇರೆ ಊರಿಲ್ಲ.

ಮುಂದಿನ ಗ್ರಾಮಸಭೆಯ ನೋಟಿಸು ಪಂಚಾಯಿತಿ ಫಲಕಕ್ಕೆ ಬಂದಾಗ ಕಾರ್ಯಸೂಚಿಯಲ್ಲಿ ಈ ವಿಷಯ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಇಲ್ಲದಿದ್ದರೆ ಸೇರಿಸುವಂತೆ ಹತ್ತು ಜನ ಸಹಿ ಹಾಕಿ ಅರ್ಜಿ ಕೊಡುವುದು ಎರಡನೆಯ ಹೆಜ್ಜೆ. ಅದಕ್ಕೆ ಯಾರ ಪರವಾನಗಿಯೂ ಬೇಕಾಗಿಲ್ಲ.